ಮನೆಯ ಈಜುಕೊಳವೂ ನೆರೆಯವರ ಗೋಡೆಯೂ

ಸ್ವಂತ ನಿವೇಶನದಲ್ಲಿ ಈಜುಕೊಳವೊಂದನ್ನು ಕಟ್ಟಿಸಲು ಹೊರಟವರಿಗೆ ಎಲ್ಲೆಯಿಂದ ಇಷ್ಟು ದೂರ ಬಿಡಬೇಕೆಂಬ ನಿಯಮವು ಕಿರುಕುಳದಂತೆ ತೋರುವುದು ಸಹಜ. ನಮ್ಮ ನೆಲದಲ್ಲಿ ನಾವು ಗುಂಡಿ ತೋಡಿದರೆ ಪರರಿಗೇನು ಎಂದು ಅವರು ಕೇಳುತ್ತಾರೆ. ಸೆಟ್‌ಬ್ಯಾಕ್ ಎಂದು ಎಂಜಿನಿಯರುಗಳು ಕರೆಯುವ ಈ ತೆರವಿನ ಹಿಂದೆ ಭೌತವಿಜ್ಞಾನದ ಕಾರಣವೇನಾದರೂ ಇದೆಯೆ ಎಂಬುದನ್ನು ನಾವೀಗ ಪರಿಶೀಲಿಸೋಣ.

8 ಮೀಟರ್ ಉದ್ದ, 4 ಮೀಟರ್ ಅಗಲ, 1.5 ಮೀಟರ್ ಆಳದ ಕೊಳವೊಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ ಹಿಡಿಯುವ ನೀರು 48,000 ಲೀಟರು. ತೂಕ 48 ಟನ್ನು. ಸುತ್ತಲೂ ತಳದಲ್ಲೂ 20 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಹಾಕಿದರೆ ಅದರ ತೂಕ ಸುಮಾರು 35 ಟನ್ನು. ಒಟ್ಟಿಗೆ 83 ಟನ್ನು! ಇಷ್ಟು ಭಾರದಿಂದ ನೆಲ ಕುಸಿಯದೆ ಎಂದು ಹೆದರಬೇಕಾಗಿಲ್ಲ. ಏಕೆಂದರೆ ಅದೇ ಜಾಗದಿಂದ ಹೊರತೆಗೆದ ಸುಮಾರು 63 ಘನ ಮೀಟರ್ ಮಣ್ಣು, ಘನ ಮೀಟರಿಗೆ 1.8 ಟನ್ನಿನಂತೆ ಲೆಕ್ಕ ಹಾಕಿದರೆ, 113 ಟನ್ನು ತೂಗುತ್ತದೆ. ತುಂಬಿದ ಕೊಳವು ತಾನು ತೆರವುಗೊಳಿಸಿದ ಮಣ್ಣಿಗಿಂತ ಹಗುರ.

ಹಾಗಾದರೆ ಅಪಾಯವೆಲ್ಲಿ? ಅದು ಗುಂಡಿ ತೋಡಿ ಕಾಂಕ್ರೀಟು ಹಾಕುವುದಕ್ಕೆ ಮುಂಚಿನ ದಿನಗಳಲ್ಲಿದೆ. ನೆರೆಮನೆಯ ಗೋಡೆಯ ಭಾರವು ತಳಪಾಯದಿಂದ ನೇರವಾಗಿ ಕೆಳಕ್ಕಷ್ಟೇ ಇಳಿಯುವುದಿಲ್ಲ. ಪಕ್ಕಗಳಿಗೂ ಹರಡುತ್ತ ಇಳಿಯುತ್ತದೆ. ತಳಪಾಯದ ಅಂಚಿನಿಂದ 45 ಅಂಶದ ಓರೆಗೆರೆಯನ್ನು ಕೆಳಕ್ಕೆಳೆದು, ಆ ಗೆರೆಯೊಳಗೆ ಅಗೆಯಬಾರದೆಂದು ಕಟ್ಟಡದ ಕೆಲಸದವರು ಸ್ಥೂಲವಾಗಿ ಪಾಲಿಸುತ್ತಾರೆ. ನೆರೆಯವರ ತಳಪಾಯ 1 ಮೀಟರ್ ಆಳದಲ್ಲಿದ್ದು ನಮ್ಮ ಗುಂಡಿ 1.8 ಮೀಟರ್ ಆಳವಾದರೆ, ನಡುವೆ 0.8 ಮೀಟರಾದರೂ ಇರಬೇಕು. ಸಡಿಲವಾದ ಮರಳಾದರೋ ಓರೆಯು 30 ಅಂಶಕ್ಕೆ ಇಳಿದು, ಅದೇ ಅಂತರವು 1.4 ಮೀಟರಾಗುತ್ತದೆ. ತೆರವಿನ ನಿಯಮಗಳು ಸಾಮಾನ್ಯವಾಗಿ ನಿವೇಶನದ ಅಳತೆಯನ್ನೂ ಕಟ್ಟಡದ ಎತ್ತರವನ್ನೂ ನೋಡುತ್ತವೆಯೇ ಹೊರತು ಮಣ್ಣನ್ನು ನೋಡುವುದಿಲ್ಲ. ಇದು ನಮಗೆ ಕೊರತೆಯಾಗಿಯೇ ಕಾಣುತ್ತದೆ.

ಮಣ್ಣು ಪಕ್ಕದ ಮಣ್ಣಿಗೆ ಆಸರೆ ಎಂಬುದನ್ನು ಕಾನೂನು ಬಹು ಹಿಂದೆಯೇ ಗುರುತಿಸಿದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯು ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಕೊಡಗೂ ಒಂದು. ಒಬ್ಬನ ಭೂಮಿಯು ಸಹಜ ಸ್ಥಿತಿಯಲ್ಲಿರುವಾಗ ಪಕ್ಕದ ಭೂಮಿಯಿಂದ ಅದಕ್ಕೆ ದೊರೆಯುವ ಆಸರೆಯು ಒಡೆಯನ ಸಹಜ ಹಕ್ಕೆಂದು ಅದರ 7ನೆಯ ಪ್ರಕರಣವು ಹೇಳುತ್ತದೆ. ಆದರೆ ಆ ಭೂಮಿಯ ಮೇಲೆ ಮನೆ ಎದ್ದಾಗ ಅದು ಸಹಜ ಸ್ಥಿತಿಯಲ್ಲ. ಮನೆಯ ಭಾರಕ್ಕೂ ಆಸರೆ ಬೇಕೆಂದು ಕೇಳಬೇಕಾದರೆ, 15ನೆಯ ಪ್ರಕರಣದಂತೆ, ಆ ಆಸರೆಯನ್ನು 20 ವರ್ಷಗಳ ಕಾಲ ಅಡೆತಡೆಯಿಲ್ಲದೆ ಹಕ್ಕಾಗಿ ಅನುಭವಿಸಿರಬೇಕು. ಹತ್ತೊಂಬತ್ತು ವರ್ಷದ ಗೋಡೆಗೂ ಇಪ್ಪತ್ತೊಂದು ವರ್ಷದ ಗೋಡೆಗೂ ಭೂಮಿಯ ಗುರುತ್ವವು ಭೇದವೆಣಿಸುವುದಿಲ್ಲ, ಕಾಯಿದೆ ಎಣಿಸುತ್ತದೆ.

ಕೂಡಿಟ್ಟ ನೀರು ನುಗ್ಗಿದರೆ ಹೊಣೆ ಯಾರದು? ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ರೈಲೆಂಡ್ಸ್ ಎಂಬ ಗಿರಣಿಯ ಮಾಲೀಕರು ಕಟ್ಟಿಸಿದ ಜಲಾಶಯದ ನೀರು 1860ರಲ್ಲಿ ಹಳೆಯ ಗಣಿಯ ಕೂಪಗಳ ಮೂಲಕ ಫ್ಲೆಚರ್ ಎಂಬವರ ಕಲ್ಲಿದ್ದಲ ಗಣಿಗೆ ನುಗ್ಗಿತು. ರೈಲೆಂಡ್ಸರ ಅಜಾಗರೂಕತೆ ಇರದಿದ್ದರೂ ಹೊಣೆ ಅವರದೇ ಎಂದು 1868ರಲ್ಲಿ ಅಲ್ಲಿನ ಪ್ರಭುಗಳ ಸಭೆ ತೀರ್ಮಾನಿಸಿತು. ನಮ್ಮಲ್ಲಿ ಕಾರ್ವೇಟಿನಗರದ ಜಮೀನುದಾರರ ಕೆರೆಗಳು ಒಡೆದು ಮದರಾಸು ರೈಲ್ವೆಗೆ ಹಾನಿಯಾದಾಗ, ಪ್ರಿವಿ ಕೌನ್ಸಿಲು 1874ರಲ್ಲಿ ಬೇರೆ ಮಾತನ್ನಾಡಿತು: ಈ ನಾಡಿನಲ್ಲಿ ಕೆರೆಗಳನ್ನು ಕಾಯುವುದು ಜಮೀನುದಾರರ ಕರ್ತವ್ಯ, ಅಜಾಗರೂಕತೆಯಿಲ್ಲದಿದ್ದರೆ ಅವರು ಹೊಣೆಯಲ್ಲ. ಊರಿನ ಬಾಳಿಗೆ ಬೇಕಾದ ಕೆರೆಗೆ ಸಂದ ಈ ರಿಯಾಯಿತಿಯನ್ನು ವಿಹಾರಕ್ಕೆಂದು ಕಟ್ಟಿದ ಕೊಳವು ಬಯಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಎಲ್ಲೆಯೊಳಗೂ ಪರರ ಹಕ್ಕು ಹಾದುಹೋಗಿರಬಹುದು. ಚರಂಡಿಯ ಕೊಳವೆ, ರಾಜಕಾಲುವೆಯ ಅಂಚು, ವಿದ್ಯುತ್ತಿನ ತಂತಿ ಇವು ಅಂಥವು. 66 ಕಿಲೋವೋಲ್ಟಿನ ಮಾರ್ಗಕ್ಕೆ 18 ಮೀಟರ್, 220 ಕಿಲೋವೋಲ್ಟಿನದಕ್ಕೆ 35 ಮೀಟರ್ ಅಗಲದ ಪಟ್ಟಿಯನ್ನು ಬಿಡಿಸುತ್ತಾರೆ. ಬಿಸಿಲಿಗೆ ಜೋತು ಗಾಳಿಗೆ ತೂಗುವ ತಂತಿಗೆ ಅಷ್ಟು ಜಾಗ ಬೇಕು.

ಇನ್ನು ಖಾಲಿ ಕೊಳದ ವಿಚಿತ್ರ. ಉಡುಪಿ, ಮಂಗಳೂರುಗಳಂಥ ಕರಾವಳಿಯ ಊರುಗಳಲ್ಲಿ ಮಳೆಗಾಲದ ಅಂತರ್ಜಲವು ಎಷ್ಟೋ ಕಡೆ ನೆಲಮಟ್ಟದ ಸಮೀಪಕ್ಕೆ ಏರುತ್ತದೆ. ಅದು ನಮ್ಮ ಕೊಳದ ಅಂಚಿನವರೆಗೆ ಬಂದರೆ, ಆರ್ಕಿಮಿಡೀಸನ ನಿಯಮದಂತೆ ಕೊಳವನ್ನು ಮೇಲಕ್ಕೆ ನೂಕುವ ಬಲ 63 ಟನ್ನು. ಬರಿದಾದ ಕೊಳದ ತೂಕ 35 ಟನ್ನು ಮಾತ್ರ. ಕಾಂಕ್ರೀಟಿನ ತೊಟ್ಟಿಯು ದೋಣಿಯಂತೆ ಮೇಲೇಳತೊಡಗಿ, ಅದಕ್ಕೆ ಜೋಡಿಸಿದ ಕೊಳವೆಗಳು ಮುರಿಯುತ್ತವೆ. ಸುತ್ತಲಿನ ಮಣ್ಣೂ ಸಡಿಲುತ್ತದೆ. ತಳದಲ್ಲಿ ಒತ್ತಡವನ್ನು ಇಳಿಸುವ ಕವಾಟವನ್ನಿಡುವುದು ಇದಕ್ಕಾಗಿಯೇ.

ಕೊಳವನ್ನು ಬರಿದುಮಾಡುವ ನೀರಿಗೂ ದಾರಿ ಬೇಕು. ಮೇಲಿನ ಭೂಮಿಯಲ್ಲಿ ಸಹಜವಾಗಿ ಬಿದ್ದ ಅಥವಾ ಉಕ್ಕಿದ ನೀರು ಕೆಳಗಿನ ಭೂಮಿಗೆ ಸಹಜವಾಗಿ ಹರಿಯಲು ಕಾಯಿದೆ ಹಕ್ಕು ಕೊಡುತ್ತದೆ. ಕ್ಲೋರಿನ್ ಬೆರೆತ 48,000 ಲೀಟರು ಸಹಜವಾಗಿ ಬಿದ್ದ ನೀರಲ್ಲ. ಅದನ್ನು ನೆರೆಯವರ ತೋಟಕ್ಕೆ ಬಿಡದೆ, ಅನುಮತಿ ಪಡೆದ ಚರಂಡಿಗೆ ನಿಮಿಷಕ್ಕೆ 200 ಲೀಟರಿನಂತೆ ಹರಿಸಿದರೆ ನಾಲ್ಕು ಗಂಟೆಯ ಕೆಲಸ. ಕರಾವಳಿಯಲ್ಲಾದರೆ ಬಾವಿಗಳ ನೀರು ತಳ ಸೇರಿದ ಬೇಸಗೆಯಲ್ಲಿ ಮಾಡತಕ್ಕದ್ದು.