ಚಕ್ರದ ಮನೆಯ ಟಿ.ವಿ. ಮತ್ತು ವಿಳಾಸವಿಲ್ಲದ ವೀಕ್ಷಕ
ಅಮೆರಿಕದ ಡಿಜಿಟಲ್ ಬದಲಾವಣೆಯಲ್ಲಿ ಸಂಚಾರಿಗಳು ಪಟ್ಟ ಪಾಡು

ಮುಂಬಯಿಯ ಚಾಳುಗಳಲ್ಲಿ ಬಾಳಿ ಬದುಕಿದ ಹಿರಿಯರಿಗೆ ಟಿ.ವಿ. ಆಂಟೆನಾ ತಿರುಗಿಸುವ ಕಸರತ್ತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮಾಡಿನ ಮೇಲೆ ಹತ್ತಿ ಕೊಳವೆ ತಿರುಗಿಸಬೇಕು, ಇನ್ನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ "ಇನ್ನೂ ಸ್ವಲ್ಪ, ಸಾಕು ಸಾಕು" ಎಂದು ಕೂಗಬೇಕು. ಪರದೆಯ ಮೇಲೆ ಅಕ್ಕಿ ಚೆಲ್ಲಿದಂತೆ ಚುಕ್ಕೆಗಳಿದ್ದರೂ ವಾರ್ತೆ ಕೇಳಿಸುತ್ತಿತ್ತು, ಸಿನಿಮಾದ ನಾಯಕ ಯಾರೆಂದು ತಿಳಿಯುತ್ತಿತ್ತು. ಅಷ್ಟಕ್ಕೇ ಜನ ತೃಪ್ತರಾಗಿದ್ದರು.

ಕೇಬಲ್ ಬಂದ ಮೇಲೆ ಮುಂಬಯಿಗರು ಈ ಕಸರತ್ತನ್ನು ಮರೆತರು. ಆದರೆ ದೂರದ ಅಮೆರಿಕದಲ್ಲಿ ಒಂದು ವರ್ಗದ ಜನರಿಗೆ ಅದು ನಿತ್ಯದ ಕೆಲಸವಾಗಿಯೇ ಉಳಿದಿತ್ತು. ಅವರೇ 'ಟ್ರಾವೆಲ್ ಟ್ರೇಲರ್' ಎಂಬ ಚಕ್ರದ ಮನೆಯಲ್ಲಿ ಊರೂರು ಸುತ್ತುವವರು. 2009ರಲ್ಲಿ ಆ ದೇಶದ ಟಿ.ವಿ. ಪ್ರಸಾರ ಡಿಜಿಟಲ್ ಆದಾಗ ಈ ಸಂಚಾರಿಗಳು ಎದುರಿಸಿದ ತೊಂದರೆಗಳು, ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಯಾರಿಗಾದರೂ ಅರ್ಥವಾಗುವಂಥವು.

ಚಕ್ರದ ಮನೆ ಎಂದರೇನು?

ಪಿಕಪ್ ವಾಹನ ಅಥವಾ ದೊಡ್ಡ ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯುವ ಪುಟ್ಟ ಮನೆಯೇ ಟ್ರಾವೆಲ್ ಟ್ರೇಲರ್. ಅದರೊಳಗೆ ಮಂಚ, ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಇರುತ್ತದೆ. ಕೆಲವರು ರಜೆಯಲ್ಲಿ ಮಾತ್ರ ಹೊರಡುತ್ತಾರೆ. ಇನ್ನು ಕೆಲವರು ನಿವೃತ್ತಿಯ ನಂತರ ಸ್ವಂತ ಮನೆ ಮಾರಿ ವರ್ಷವಿಡೀ ಇದರಲ್ಲೇ ವಾಸಿಸುತ್ತಾರೆ. ಚಳಿಗಾಲ ಬಂತೆಂದರೆ ಅರಿಜೋನಾ ರಾಜ್ಯದ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಸಣ್ಣ ಊರಿನ ಸುತ್ತಮುತ್ತ ಇಂಥ ವಾಹನಗಳ ದೊಡ್ಡ ಜಾತ್ರೆಯೇ ನೆರೆಯುತ್ತದೆ.

ಇವುಗಳ ಮಾಡಿನ ಮೇಲೆ ಹಕ್ಕಿಯ ರೆಕ್ಕೆಯಂತೆ ಚಾಚಿಕೊಂಡ ಆಂಟೆನಾ ಇರುವುದು ಸಾಮಾನ್ಯ. ಒಳಗಿನ ಹಿಡಿಕೆ ತಿರುಗಿಸಿದರೆ ಅದು ಮೇಲೇಳುತ್ತದೆ, ಬೇಕಾದ ದಿಕ್ಕಿಗೆ ಹೊರಳುತ್ತದೆ. ಹೊರಡುವ ಮೊದಲು ಅದನ್ನು ಇಳಿಸಲು ಮರೆತರೆ ಮರದ ಕೊಂಬೆಗೆ ಸಿಕ್ಕಿ ಮುರಿಯುವುದು ಖಚಿತ. ಆದ್ದರಿಂದ 'ಆಂಟೆನಾ ಇಳಿಸಿ' ಎಂದು ಬರೆದ ಚೀಟಿಯನ್ನು ಸ್ಟೇರಿಂಗ್ ಚಕ್ರಕ್ಕೆ ತೂಗುಹಾಕುವವರೂ ಇದ್ದಾರೆ. ಗೋಡೆಯ ಮೇಲಿನ ಸಣ್ಣ ಸ್ವಿಚ್ ಒತ್ತಿದರೆ 12 ವೋಲ್ಟ್ ಬ್ಯಾಟರಿಯಿಂದ ಆಂಪ್ಲಿಫೈಯರ್ ಚಾಲೂ ಆಗಿ ದುರ್ಬಲ ಸಂಕೇತಕ್ಕೆ ಬಲ ಬರುತ್ತದೆ.

ಎರಡು ಗಡುವು, ಒಂದು ಗೊಂದಲ

ಅಮೆರಿಕದ ಸರಕಾರ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಲು ಮೊದಲು ಗೊತ್ತುಪಡಿಸಿದ ದಿನ 2009ರ ಫೆಬ್ರವರಿ 17. ಜನ ಸಿದ್ಧರಾಗಿಲ್ಲ ಎಂಬ ಕಾರಣಕ್ಕೆ ಅಧ್ಯಕ್ಷ ಬರಾಕ್ ಒಬಾಮಾ ಅಧಿಕಾರ ವಹಿಸಿಕೊಂಡ ಕೆಲವೇ ವಾರಗಳಲ್ಲಿ ಗಡುವನ್ನು ಜೂನ್ 12ಕ್ಕೆ ಮುಂದೂಡುವ ಕಾಯಿದೆಗೆ ಸಹಿ ಹಾಕಿದರು. ಆದರೆ ಬಯಸಿದ ಕೇಂದ್ರಗಳು ಮೊದಲೇ ಬದಲಾಗಲು ಅವಕಾಶವಿತ್ತು. ದೇಶದ ಸುಮಾರು 1,800 ಪೂರ್ಣ ಶಕ್ತಿಯ ಕೇಂದ್ರಗಳ ಪೈಕಿ 600ಕ್ಕೂ ಹೆಚ್ಚು ಕೇಂದ್ರಗಳು ಫೆಬ್ರವರಿ 17ರ ಹೊತ್ತಿಗೇ ಅನಲಾಗ್ ಪ್ರಸಾರ ನಿಲ್ಲಿಸಿಬಿಟ್ಟಿದ್ದವು.

ಒಂದೇ ಊರಿನಲ್ಲಿ ನೆಲೆಸಿದವರಿಗೆ ಇದರಿಂದ ದೊಡ್ಡ ಗೊಂದಲವಾಗಲಿಲ್ಲ. ಅವರ ಊರಿನ ಕೇಂದ್ರ ಯಾವ ದಿನ ಬದಲಾಗುತ್ತದೆಂದು ಅದೇ ಕೇಂದ್ರ ದಿನವೂ ಸಾರುತ್ತಿತ್ತು. ಆದರೆ ಇಂದು ಒಂದೂರು, ನಾಳೆ ಇನ್ನೊಂದೂರು ಎಂದು ಸಾಗುವವರಿಗೆ ಮಾತ್ರ ನಿನ್ನೆ ಬಂದ ಚಿತ್ರ ಇಂದು ಏಕಿಲ್ಲ ಎಂಬ ಪ್ರಶ್ನೆ. ಸಾಲದ್ದಕ್ಕೆ ಗುಡ್ಡಗಾಡು ಪ್ರದೇಶಗಳಲ್ಲಿ ಪ್ರಸಾರವನ್ನು ಹಿಡಿದು ಮುಂದಕ್ಕೆ ಕಳುಹಿಸುವ ಸಣ್ಣ ಮರುಪ್ರಸಾರ ಕೇಂದ್ರಗಳಿಗೆ ಈ ಗಡುವು ಅನ್ವಯಿಸಲಿಲ್ಲ. ಅವುಗಳಲ್ಲಿ ಅನೇಕವು ಅನಲಾಗ್‌ನಲ್ಲೇ ಮುಂದುವರಿದವು. ಹೊಸ ಕನ್ವರ್ಟರ್ ಬಾಕ್ಸ್‌ಗಳಲ್ಲಿ ಕೆಲವು ಅನಲಾಗ್ ಸಂಕೇತವನ್ನು ಟಿ.ವಿ.ಗೆ ದಾಟಿಸುತ್ತಲೇ ಇರಲಿಲ್ಲ. ಹೀಗಾಗಿ ಪೇಟೆಯಲ್ಲಿ ಬಾಕ್ಸ್ ಬೇಕು, ಬೆಟ್ಟದಲ್ಲಿ ಅದೇ ಬಾಕ್ಸ್ ಅಡ್ಡಿ ಎಂಬ ಪರಿಸ್ಥಿತಿ ಉಂಟಾಯಿತು.

ಕೂಪನ್‌ಗೆ ಬೇಕು ವಿಳಾಸ

ಕೇಬಲ್ ಅಥವಾ ಡಿಶ್ ಇದ್ದವರಿಗೆ ಬಾಕ್ಸ್ ಅಗತ್ಯವಿರಲಿಲ್ಲ. ಬರಿಯ ಆಂಟೆನಾವನ್ನೇ ನಂಬಿದ್ದ ಒಂದು ಕೋಟಿಗೂ ಹೆಚ್ಚು ಮನೆಗಳ ಹಳೆಯ ಟಿ.ವಿ.ಗಳಿಗೆ ಅದು ಅನಿವಾರ್ಯವಾಯಿತು. ಅದಕ್ಕಾಗಿ ಸರಕಾರ 2008ರ ಜನವರಿ 1ರಿಂದ ಪ್ರತಿ ಮನೆಗೆ ತಲಾ 40 ಡಾಲರಿನ ಎರಡರವರೆಗೆ ಕೂಪನ್‌ಗಳಿಗಾಗಿ ಅರ್ಜಿ ಪಡೆಯತೊಡಗಿತು. ಬಾಕ್ಸ್ ಬೆಲೆ ಸುಮಾರು 40ರಿಂದ 80 ಡಾಲರ್. ಕೂಪನ್ ಅಂಚೆಗೆ ಹಾಕಿದ ದಿನದಿಂದ 90 ದಿನಗಳಲ್ಲಿ ಬಳಸದಿದ್ದರೆ ಅದು ರದ್ದು. ಇಂದಿನ ಬ್ಯಾಂಕ್ ಚೆಕ್ಕಿನ ಅವಧಿಯೂ ಹೆಚ್ಚುಕಡಿಮೆ ಇಷ್ಟೇ. ಆದರೆ ಚೆಕ್ ಹಳತಾದರೆ ಹೊಸದನ್ನು ಬರೆಸಿಕೊಳ್ಳಬಹುದು, ಆ ಕೂಪನ್‌ಗೆ ಆರಂಭದಲ್ಲಿ ಆ ಸೌಲಭ್ಯ ಇರಲಿಲ್ಲ.

ಇಲ್ಲಿಯೇ ಸಂಚಾರಿಗಳಿಗೆ ತೊಡಕಾದದ್ದು. ಯೋಜನೆಯ ಲೆಕ್ಕದಲ್ಲಿ 'ಮನೆ' ಎಂದರೆ ರಸ್ತೆ, ಸಂಖ್ಯೆ ಇರುವ ಖಾಯಂ ವಿಳಾಸ. ಬರಿಯ ಅಂಚೆ ಪೆಟ್ಟಿಗೆಯ ಸಂಖ್ಯೆ ಕೊಟ್ಟವರ ಅರ್ಜಿಗಳನ್ನು ಕೆಲವು ವಿನಾಯಿತಿಗಳ ಹೊರತು ಮೊದಮೊದಲು ಒಪ್ಪುತ್ತಿರಲಿಲ್ಲ. ವರ್ಷವಿಡೀ ಟ್ರೇಲರ್‌ನಲ್ಲೇ ಇರುವವರು ತಮ್ಮ ಅಂಚೆಯನ್ನು ಸಂಗ್ರಹಿಸಿ ಇದ್ದಲ್ಲಿಗೆ ಕಳುಹಿಸುವ ಸೇವೆಗಳನ್ನು ಅವಲಂಬಿಸಿರುತ್ತಾರೆ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಊರಿನ 'ಎಸ್ಕೇಪೀಸ್' ಎಂಬ ಸಂಚಾರಿಗಳ ಸಂಘ ತನ್ನ ಸದಸ್ಯರಿಗಾಗಿ ಇಂಥ ಸೇವೆ ನಡೆಸುತ್ತದೆ. ಕೂಪನ್ ಒಂದು ಊರಿಗೆ ಬಂದು, ಅಲ್ಲಿಂದ ಇನ್ನೊಂದು ಊರಿಗೆ ಹೋಗಿ, ಕೈಸೇರುವಷ್ಟರಲ್ಲಿ 90 ದಿನಗಳಲ್ಲಿ ಎಷ್ಟು ಉಳಿದೀತು?

ದೂರುಗಳು ಬಂದ ಮೇಲೆ 2008ರ ಉತ್ತರಾರ್ಧದಲ್ಲಿ ಅಂಚೆ ಪೆಟ್ಟಿಗೆಯವರಿಗೂ ವೃದ್ಧಾಶ್ರಮ ವಾಸಿಗಳಿಗೂ ನಿಯಮ ಸಡಿಲವಾಯಿತು. ಆದರೆ 2009ರ ಜನವರಿ ಮೊದಲ ವಾರದಲ್ಲಿ ಯೋಜನೆಗೆ ಮೀಸಲಿಟ್ಟ 134 ಕೋಟಿ ಡಾಲರಿನ ಮಿತಿ ಮುಟ್ಟಿ, ಹೊಸ ಅರ್ಜಿದಾರರು ಕಾಯುವ ಪಟ್ಟಿಗೆ ಸೇರಬೇಕಾಯಿತು. ಗಡುವು ಮುಂದೂಡಿದ ಬಳಿಕ ಹೆಚ್ಚುವರಿ ಹಣ ಬಂತು, ಅವಧಿ ಮೀರಿದ ಕೂಪನ್‌ಗೆ ಬದಲಿ ಕೂಪನ್ ಕೊಡುವ ವ್ಯವಸ್ಥೆಯೂ ಆಯಿತು. ಕೊನೆಗೆ 3 ಕೋಟಿಗೂ ಅಧಿಕ ಕೂಪನ್‌ಗಳು ಬಳಕೆಯಾದವು.

ಬಂದರೆ ಪೂರ್ತಿ, ಇಲ್ಲದಿದ್ದರೆ ಶೂನ್ಯ

ಬಾಕ್ಸ್ ಬಂದ ಮೇಲೂ ಕಷ್ಟ ಮುಗಿಯಲಿಲ್ಲ. ಅನಲಾಗ್ ಸಂಕೇತ ದುರ್ಬಲವಾದಂತೆ ಚಿತ್ರ ಮೆಲ್ಲಮೆಲ್ಲನೆ ಮಸುಕಾಗುತ್ತದೆ, ಧ್ವನಿ ಕೊನೆಯವರೆಗೂ ಉಳಿಯುತ್ತದೆ. ಡಿಜಿಟಲ್ ಹಾಗಲ್ಲ. ಸಂಕೇತ ಒಂದು ಮಟ್ಟದ ಮೇಲಿದ್ದರೆ ಕನ್ನಡಿಯಂಥ ಚಿತ್ರ. ಆ ಮಟ್ಟಕ್ಕಿಂತ ಒಂದಿಷ್ಟು ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆದು ಸ್ತಬ್ಧವಾಗುತ್ತದೆ, ಧ್ವನಿಯೂ ನಿಲ್ಲುತ್ತದೆ.

ಆಂಟೆನಾ ತಿರುಗಿಸುವವನಿಗೆ ಇದು ಕಣ್ಣಿಗೆ ಬಟ್ಟೆ ಕಟ್ಟಿದಂತಾಯಿತು. ಹಿಂದೆ ಚಿತ್ರ ಸುಧಾರಿಸುವುದನ್ನು ನೋಡುತ್ತ ತಿರುಗಿಸಬಹುದಿತ್ತು. ಈಗ ಸ್ವಲ್ಪ ತಿರುಗಿಸಿ, ಬಾಕ್ಸ್ ಸಂಕೇತ ಹಿಡಿಯುವವರೆಗೆ ಕೆಲವು ಸೆಕೆಂಡು ಕಾದು, ಮತ್ತೆ ತಿರುಗಿಸಬೇಕು. ಅಲ್ಲದೆ ಡಿಜಿಟಲ್ ಬಾಕ್ಸ್ ತಾನು ಹುಡುಕಿ ನೆನಪಿಟ್ಟುಕೊಂಡ ಚಾನೆಲ್‌ಗಳನ್ನು ಮಾತ್ರ ತೋರಿಸುತ್ತದೆ. ಊರು ಬದಲಾದಾಗಲೆಲ್ಲ 'ಸ್ಕ್ಯಾನ್' ಹೊಸದಾಗಿ ಮಾಡಬೇಕು. ಆ ಹೊತ್ತಿಗೆ ಆಂಟೆನಾ ತಪ್ಪು ದಿಕ್ಕಿಗಿದ್ದರೆ ಸರಿಯಾದ ದಿಕ್ಕಿನ ಚಾನೆಲ್‌ಗಳು ಪಟ್ಟಿಗೇ ಸೇರುವುದಿಲ್ಲ.

ವಿದ್ಯುತ್ತಿನ ಪ್ರಶ್ನೆ ಇನ್ನೊಂದು. ಅನೇಕ ಬಾಕ್ಸ್‌ಗಳು ಮನೆಯ 120 ವೋಲ್ಟ್ ವಿದ್ಯುತ್ತಿಗೆ ತಯಾರಾದವು. ವಿದ್ಯುತ್ ಸಂಪರ್ಕವಿಲ್ಲದ ಕಾಡಿನಂಚಿನಲ್ಲಿ ಟ್ರೇಲರ್ ನಿಲ್ಲಿಸಿದವರು ಇನ್ವರ್ಟರ್ ಇಡಬೇಕು, ಇಲ್ಲವೇ 12 ವೋಲ್ಟಿನಲ್ಲಿ ನಡೆಯುವ ಬಾಕ್ಸನ್ನು ಹುಡುಕಿ ತರಬೇಕು.

ಹಾಗಾದರೆ ಡಿಶ್ ಹಾಕಿಸಬಹುದಲ್ಲ ಎಂದು ಕೇಳಬಹುದು. ಅಲ್ಲೂ ಒಂದು ಮಿತಿಯಿತ್ತು. ಉಪಗ್ರಹದಿಂದ ಬರುವ ಸ್ಥಳೀಯ ಚಾನೆಲ್‌ಗಳು ಸಾಮಾನ್ಯವಾಗಿ ಆಯಾ ಪ್ರದೇಶಕ್ಕಷ್ಟೇ ಸೀಮಿತ, ಗಡಿ ದಾಟಿದರೆ ಸಿಗುವುದಿಲ್ಲ. ಸಂಚಾರಿ ವಾಹನದವರು ದೂರದ ಊರಿನ ಚಾನೆಲ್ ಪಡೆಯಲು ಕಾಯಿದೆಯಲ್ಲಿ ಅವಕಾಶವಿದೆ, ಆದರೆ ಲಿಖಿತ ಘೋಷಣೆಯ ಜೊತೆ ವಾಹನ ನೋಂದಣಿಯ ಪ್ರತಿಯನ್ನೂ ಒದಗಿಸಬೇಕು. ಕಾಗದಪತ್ರ ಕೊಟ್ಟು ದೂರದ ಊರಿನ ಸುದ್ದಿ ಪಡೆದರೂ ಟ್ರೇಲರ್ ನಿಂತ ಊರಿನ ಸುದ್ದಿ ಸಿಗುವುದಿಲ್ಲ.

ಮನರಂಜನೆಯಷ್ಟೇ ಅಲ್ಲ

ಟಿ.ವಿ. ಬರದಿದ್ದರೆ ಪುಸ್ತಕ ಓದಲಿ, ಇದಕ್ಕೇಕೆ ಇಷ್ಟು ಚಿಂತೆ ಎಂದು ಅನಿಸಬಹುದು. ಅಮೆರಿಕದ ಮಧ್ಯಭಾಗದಲ್ಲಿ ವಸಂತ ಮತ್ತು ಬೇಸಿಗೆಯ ಆರಂಭ ಸುಂಟರಗಾಳಿಯ ಕಾಲ. ಕರಾವಳಿಯಲ್ಲಿ ಚಂಡಮಾರುತದ ಋತು ಶುರುವಾಗುವುದು ಜೂನ್ 1ಕ್ಕೆ, ಅಂದರೆ ಗಡುವಿಗೆ ಹನ್ನೊಂದು ದಿನ ಮೊದಲು. ಅಂಥ ಗಾಳಿಗೆ ಟ್ರೇಲರ್ ಹಗುರ ಡಬ್ಬಿಯಿದ್ದಂತೆ. ಎಚ್ಚರಿಕೆ ಬಂದೊಡನೆ ಅದರಿಂದ ಹೊರಬಂದು ಗಟ್ಟಿ ಕಟ್ಟಡ ಸೇರಬೇಕೆಂದು ಹವಾಮಾನ ಇಲಾಖೆ ಹೇಳುತ್ತದೆ. ಆ ಎಚ್ಚರಿಕೆ ಜನರಿಗೆ ತಲುಪುವ ಮುಖ್ಯ ದಾರಿಗಳಲ್ಲಿ ಸ್ಥಳೀಯ ಟಿ.ವಿ. ಒಂದು.

ಹಳೆಯ ಟಿ.ವಿ.ಯಲ್ಲಿ ಚಿತ್ರ ಕಾಣದಿದ್ದರೂ "ಇಂಥ ಕೌಂಟಿಯವರು ಎಚ್ಚರ" ಎಂಬ ಧ್ವನಿಯಾದರೂ ಕೇಳುತ್ತಿತ್ತು. ಬ್ಯಾಟರಿಯಿಂದ ನಡೆಯುವ ಕೈಗಾತ್ರದ ಅನಲಾಗ್ ಟಿ.ವಿ.ಗಳನ್ನು ಜನ ಇದಕ್ಕಾಗಿಯೇ ಇಟ್ಟುಕೊಂಡಿದ್ದರು. ಜೂನ್ 12ರ ಬಳಿಕ ಅವು ಹೆಚ್ಚಿನ ಕಡೆ ಮೂಕವಾದವು. ಇನ್ನೊಂದು ಸೂಕ್ಷ್ಮವೂ ಇದೆ. ಎಚ್ಚರಿಕೆ ಕೊಡುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ ಹೆಸರು ಹೇಳಿ. ಸ್ಥಳೀಯನಿಗೆ ತನ್ನ ಕೌಂಟಿ ಗೊತ್ತಿರುತ್ತದೆ. ಸಂಜೆ ಬಂದು ತಂಗಿದ ಪರವೂರಿನವನು ಅದನ್ನು ಕೇಳಿಯೇ ತಿಳಿಯಬೇಕು. ಟಿ.ವಿ.ಯೂ ಇಲ್ಲ, ಕೌಂಟಿಯ ಹೆಸರೂ ಗೊತ್ತಿಲ್ಲ ಎಂದಾದರೆ ಪಕ್ಕದ ಟ್ರೇಲರ್‌ನವನ ಮಾತೇ ಆಧಾರ.

ಡಿಜಿಟಲ್‌ನಿಂದ ಲಾಭವಾಗಲಿಲ್ಲವೆಂದೇನೂ ಅಲ್ಲ. ಒಂದೇ ಕೇಂದ್ರ 7.1, 7.2 ಎಂದು ಹಲವು ಕಾರ್ಯಕ್ರಮಗಳನ್ನು ಏಕಕಾಲಕ್ಕೆ ಕೊಡತೊಡಗಿತು. ಸಂಕೇತ ಚೆನ್ನಾಗಿರುವ ಕಡೆ ಚಿತ್ರದ ಅಂದ ಹೆಚ್ಚಿತು. ತೆರವಾದ ತರಂಗಗಳ ಒಂದು ಭಾಗ ಪೊಲೀಸ್, ಅಗ್ನಿಶಾಮಕ ಮುಂತಾದ ತುರ್ತು ಸೇವೆಗಳಿಗೆ ಹೋಯಿತು. ಉಳಿದವುಗಳಲ್ಲಿ ಹೆಚ್ಚಿನ ಪಾಲಿನ 2008ರ ಹರಾಜಿನಿಂದ ಸರಕಾರಕ್ಕೆ ಸುಮಾರು 1,900 ಕೋಟಿ ಡಾಲರ್ ಬಂತು. ದೇಶಕ್ಕೆ ಲಾಭವೇ. ಆದರೆ ಬದಲಾವಣೆಯ ಖರ್ಚು ಮಾತ್ರ ಎಲ್ಲರಿಗೂ ಸಮನಾಗಿ ಹಂಚಿಹೋಗಲಿಲ್ಲ.

ನೆರವಿಗೆ ಬಂದವರು ಯಾರು?

ಇಡೀ ದೇಶಕ್ಕೆ ಮೊದಲು 2008ರ ಸೆಪ್ಟೆಂಬರ್ 8ರಂದು ಉತ್ತರ ಕೆರೊಲಿನಾದ ವಿಲ್ಮಿಂಗ್‌ಟನ್ ಪ್ರದೇಶದಲ್ಲಿ ಈ ಬದಲಾವಣೆಯ ಪ್ರಯೋಗ ನಡೆಯಿತು. ಅಲ್ಲಿ ಅಗ್ನಿಶಾಮಕ ದಳದವರು ವೃದ್ಧರ ಮನೆಗೆ ಹೋಗಿ ಬಾಕ್ಸ್ ಜೋಡಿಸಿಕೊಟ್ಟರು. 2009ರ ಜೂನ್ 12ರಂದು ಕೇಂದ್ರ ಸಂಪರ್ಕ ಆಯೋಗದ ಸಹಾಯವಾಣಿಗೆ 3 ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಅನೇಕರಿಗೆ ದೊರೆತ ಉತ್ತರ ಒಂದೇ: "ಮತ್ತೊಮ್ಮೆ ಸ್ಕ್ಯಾನ್ ಮಾಡಿ." ಆ ದಿನ ಹಲವು ಕೇಂದ್ರಗಳು ತಮ್ಮ ತರಂಗಾಂತರವನ್ನೇ ಬದಲಿಸಿದ್ದು ಇದಕ್ಕೆ ಕಾರಣ.

ಮುಂಬಯಿಗೂ ಇಂಥ ದಿನ ಬಂತು. 2012ರ ಅಕ್ಟೋಬರ್ 31ರಂದು ದಿಲ್ಲಿ, ಮುಂಬಯಿಗಳಲ್ಲಿ ಅನಲಾಗ್ ಕೇಬಲ್ ನಿಂತು ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದ್ ಸೇರಿದಂತೆ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ನೀಡಲಾಗಿತ್ತು. ಅದು ಗಾಳಿಯಲ್ಲಿ ಬರುವ ಪ್ರಸಾರವಲ್ಲ, ಕೇಬಲ್ ಎಂಬುದು ವ್ಯತ್ಯಾಸ. ಆದರೂ ಇಲ್ಲಿಯೂ ಗ್ರಾಹಕರು ಹೆಸರು, ವಿಳಾಸ ತುಂಬಿದ ಅರ್ಜಿ ಕೊಡಬೇಕಾಗಿತ್ತು. ಹೋಟೆಲಿನ ಮೇಲಿನ ಕೋಣೆಯಲ್ಲಿ ಹತ್ತು ಮಂದಿ ಕೂಡಿ ಮಲಗುವ ನಮ್ಮೂರ ಹುಡುಗರಿಗೆ ಸ್ವಂತ ವಿಳಾಸ ಎಲ್ಲಿಂದ? 2019ರ ಫೆಬ್ರವರಿಯಲ್ಲಿ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸುವ ಪದ್ಧತಿ ಜಾರಿಯಾದಾಗ, ಕನ್ನಡ ಚಾನೆಲ್ ಬೇಕಾದವರು ಅದನ್ನು ತಾವೇ ಕೇಳಿ ಪಡೆಯಬೇಕಾಯಿತು.

ಬದಲಾವಣೆ ಇಲ್ಲಿಗೇ ನಿಲ್ಲುವುದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಇನ್ನೊಂದು ಹೊಸ ಪ್ರಸಾರ ಮಾದರಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಚಲಿಸುವ ವಾಹನದಲ್ಲೂ ಹಿಡಿಯುವಂತೆ ರೂಪಿಸಲಾಗಿದೆ, ಆದರೆ 2009ರ ಬಾಕ್ಸ್‌ಗೆ ಅದು ಅರ್ಥವಾಗುವುದಿಲ್ಲ. ಅದೇ ಮಾದರಿಯನ್ನು ಆಧರಿಸಿ ಮೊಬೈಲಿಗೆ ನೇರವಾಗಿ ಟಿ.ವಿ. ಬಿತ್ತರಿಸುವ ಪ್ರಯೋಗ ಭಾರತದಲ್ಲೂ ನಡೆದಿದ್ದು, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಅದರಲ್ಲಿ ಪಾಲ್ಗೊಂಡಿದೆ. ಇತ್ತ ದೂರದರ್ಶನದ ಹಳೆಯ ಅನಲಾಗ್ ಟವರ್‌ಗಳು ಬಹುತೇಕ 2022ರ ಹೊತ್ತಿಗೆ ಮುಚ್ಚಿದವು.

ಸರಕಾರದ ಯೋಜನೆಗಳು ನೆಲೆ ನಿಂತವನ ಲೆಕ್ಕ ಹಿಡಿದು ತಯಾರಾಗುತ್ತವೆ. ಊರು ಬದಲಿಸುವವನು, ಬಾಡಿಗೆ ಮನೆಯವನು, ಕೋಣೆ ಹಂಚಿಕೊಂಡವನು ಆ ಲೆಕ್ಕದಲ್ಲಿ ಕೊನೆಗೆ ಸೇರುತ್ತಾನೆ, ಅದೂ ದೂರು ಕೊಟ್ಟ ಮೇಲೆ. ಸಂಘ ಸಂಸ್ಥೆಗಳು ಇರುವುದು ಈ ಅಂತರ ತುಂಬಲಿಕ್ಕೆ. ವಾರ್ಷಿಕೋತ್ಸವ, ಸನ್ಮಾನಗಳ ಜೊತೆಗೆ ಸದಸ್ಯರ ಪಟ್ಟಿ ಹಿಡಿದು, ಒಂಟಿಯಾಗಿರುವ ಹಿರಿಯರು ಯಾರು, ಹೊಸದಾಗಿ ಬಂದ ಹುಡುಗರು ಎಲ್ಲಿದ್ದಾರೆ ಎಂದು ಗುರುತಿಸಿಟ್ಟುಕೊಂಡರೆ, ಮುಂದಿನ ಬದಲಾವಣೆ ಯಾವುದೇ ಇರಲಿ, ಅರ್ಜಿ ತುಂಬಿಕೊಡಲು, ಬಾಕ್ಸ್ ಜೋಡಿಸಿಕೊಡಲು ಒಂದು ಭಾನುವಾರ ಸಾಕಾಗುತ್ತದೆ.