ಮೀರಾ ನಕ್ಷತ್ರದ ಬಾಲ

1596ರಲ್ಲಿ ಜರ್ಮನಿಯ ಪಾದ್ರಿ ಡೇವಿಡ್ ಫ್ಯಾಬ್ರಿಷಿಯಸ್ ತಿಮಿಂಗಿಲ ಪುಂಜದಲ್ಲಿ ಗುರುತಿಸಿದ ನಕ್ಷತ್ರವೊಂದು ಕ್ರಮೇಣ ಮಂಕಾಗಿ ಕಣ್ಮರೆಯಾಯಿತು. 1609ರಲ್ಲಿ ಅದೇ ಜಾಗದಲ್ಲಿ ಅವನಿಗೆ ಮತ್ತೆ ಕಂಡಿತು. ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬೆಳಗಿ ಮಂಕಾಗುವ ಈ ಮೀರಾ, ಮುಪ್ಪಿನಲ್ಲಿ ಹಿಗ್ಗಿದ ಕೆಂಪು ದೈತ್ಯ. ತನ್ನ ಹೊರಪದರಗಳನ್ನು ಅದು ಮಾರುತವಾಗಿ ಸತತವಾಗಿ ಹೊರಚೆಲ್ಲುತ್ತಿದೆ. ನಾಲ್ಕು ಶತಮಾನ ಖಗೋಳಜ್ಞರು ಅದರ ಬೆಳಕಿನ ಏರಿಳಿತವನ್ನು ಅಳೆದರು. ಬೆನ್ನ ಹಿಂದಿದ್ದ ಬಾಲ ಮಾತ್ರ ಯಾರಿಗೂ ಕಾಣಲಿಲ್ಲ.

ಅದನ್ನು ಕಂಡದ್ದು ಗೆಲಾಕ್ಸಿಗಳ ಅಧ್ಯಯನಕ್ಕೆಂದು ನಾಸಾ 2003ರಲ್ಲಿ ಹಾರಿಸಿದ ಗ್ಯಾಲೆಕ್ಸ್ ಉಪಗ್ರಹ. ಅದರ ದೂರದರ್ಶಕದ ಕನ್ನಡಿ ಅರ್ಧ ಮೀಟರ್ ಅಗಲದ್ದು. ಇಡೀ ಆಕಾಶವನ್ನು ಅತಿನೇರಳೆ ಬೆಳಕಿನಲ್ಲಿ ಸರ್ವೇಕ್ಷಿಸುವಾಗ ಮೀರಾದ ಹಿಂದೆ ಉದ್ದನೆಯ ಗೆರೆಯೊಂದು ಮೂಡಿತು. ಕ್ಯಾಲ್ಟೆಕ್‌ನ ಕ್ರಿಸ್ಟೋಫರ್ ಮಾರ್ಟಿನ್ ಮತ್ತು ಸಂಗಡಿಗರು ಅದರ ಬೆನ್ನುಹತ್ತಿದರು. ಆಕಾಶದಲ್ಲಿ ಎರಡು ಡಿಗ್ರಿ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. ನಿಜದಲ್ಲಿ ಸುಮಾರು 13 ಜ್ಯೋತಿರ್ವರ್ಷ!

ಗೆರೆ ಬಾಲವೇ ಹೌದೆಂಬುದಕ್ಕೆ ನಕ್ಷತ್ರದ ಓಟವೇ ಸಾಕ್ಷಿ. ಮೀರಾ ಅಂತರತಾರಾ ಅನಿಲದ ನಡುವೆ ಸೆಕೆಂಡಿಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತಿದೆ. ನೀರನ್ನು ಸೀಳುವ ದೋಣಿಯ ಮೂತಿಯಲ್ಲಿ ಅಲೆ ಏಳುವಂತೆ, ಅದರ ಮುಂದುಗಡೆ ಬಿಲ್ಲಿನಾಕಾರದ ಆಘಾತ ಅಲೆ ಎದ್ದಿದೆ. ಅಲ್ಲಿ ಕಾದ ಅನಿಲ ನಕ್ಷತ್ರದ ತಂಪು ಮಾರುತದೊಂದಿಗೆ ಬೆರೆತು, ಸುಳಿಸುಳಿಯಾಗಿ ಹಿಂದಕ್ಕೆ ಹರಿಯುತ್ತದೆ.

ಇಷ್ಟು ದಿನ ಅದು ಕಾಣದೆ ಹೋದದ್ದೇಕೆ? ಉತ್ತರದ ಸುಳಿವು ಗ್ಯಾಲೆಕ್ಸ್‌ನ ಚಿತ್ರಗಳಲ್ಲೇ ಇತ್ತು. ಅತಿನೇರಳೆಯ ಎರಡು ಪಟ್ಟಿಗಳಲ್ಲಿ ಅದು ಚಿತ್ರ ತೆಗೆಯುತ್ತಿತ್ತು. ಬಾಲ ಬೆಳಗಿದ್ದು ಕಡಿಮೆ ತರಂಗಾಂತರದ ಪಟ್ಟಿಯಲ್ಲಿ ಮಾತ್ರ. ಬಿಸಿ ಅನಿಲದ ಎಲೆಕ್ಟ್ರಾನ್‌ಗಳು ತಂಪು ಹೈಡ್ರೋಜನ್ ಅಣುಗಳಿಗೆ ಡಿಕ್ಕಿ ಹೊಡೆದಾಗ ಅಣುಗಳು ಇಂಥ ಬೆಳಕನ್ನು ಸೂಸುತ್ತವೆ ಎಂದು ತಂಡ ವಿವರಿಸಿತು. ಆ ಬೆಳಕನ್ನು ಭೂಮಿಯ ವಾತಾವರಣ ತಡೆದುಬಿಡುತ್ತದೆ. ನೆಲದ ಮೇಲೆ ಎಷ್ಟೇ ದೊಡ್ಡ ದೂರದರ್ಶಕ ಕಟ್ಟಿದ್ದರೂ ಅದು ದಕ್ಕುತ್ತಿರಲಿಲ್ಲ.

ಆಗಸ್ಟ್ 2007ರಲ್ಲಿ 'ನೇಚರ್' ಪತ್ರಿಕೆ ಈ ಶೋಧವನ್ನು ಪ್ರಕಟಿಸಿತು. ಮರುವರ್ಷವೇ ರೇಡಿಯೊ ವೀಕ್ಷಣೆಗಳು ಬಾಲದ ಗುಂಟ ಹೈಡ್ರೋಜನ್ ಪರಮಾಣುಗಳನ್ನೂ ಪತ್ತೆಹಚ್ಚಿದವು. ಬಾಲದ ತುದಿಯಲ್ಲಿರುವ ಅನಿಲ ನಕ್ಷತ್ರವನ್ನು ಬಿಟ್ಟು ಸುಮಾರು 30,000 ವರ್ಷಗಳಾಗಿವೆ ಎಂಬುದು ಮಾರ್ಟಿನ್ ತಂಡದ ಲೆಕ್ಕ. ಕೆಂಪು ದೈತ್ಯವೊಂದು ಯಾವಾಗ, ಎಷ್ಟು ದ್ರವ್ಯ ಕಳೆದುಕೊಂಡಿತೆಂದು ಅದರ ಹಾದಿಯಲ್ಲೇ ಓದುವ ಅವಕಾಶ ಹೀಗೆ ಸಿಕ್ಕಿತು. ಈ ದ್ರವ್ಯದಲ್ಲಿ ಇಂಗಾಲವಿದೆ, ಆಮ್ಲಜನಕವಿದೆ. ಮುಂದೆ ಹುಟ್ಟುವ ನಕ್ಷತ್ರ, ಗ್ರಹಗಳಿಗೆ ಇದೇ ಕಚ್ಚಾ ಸಾಮಗ್ರಿ. ನಿರ್ದಿಷ್ಟ ಗುರಿಯಿಲ್ಲದೆ ಇಡೀ ಆಕಾಶವನ್ನು ಹೊಸ ಬೆಳಕಿನಲ್ಲಿ ನೋಡುವ ಸರ್ವೇಕ್ಷಣೆಗಳಿಗೆ ಹಣ, ಸಮಯ ವ್ಯಯಿಸುವುದು ಏಕೆ ಸಾರ್ಥಕ ಎಂಬುದಕ್ಕೆ ಮೀರಾಗಿಂತ ಒಳ್ಳೆಯ ಪುರಾವೆ ಬೇಕಿಲ್ಲ.