ದಾಂಪತ್ಯ ಸುಖಕ್ಕೆ ಅಡ್ಡಗೋಡೆಗಳು: ಮೌನ ಮುರಿದರೆ ಅರ್ಧ ಪರಿಹಾರ

ದಾಂಪತ್ಯದಲ್ಲಿ ಲೈಂಗಿಕ ತೃಪ್ತಿ ಕುಂದಿದಾಗ ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕೆಂಬುದೇ ಬಹಳಷ್ಟು ಮಂದಿಗೆ ತಿಳಿಯುವುದಿಲ್ಲ. ಹೆಂಗಸರು ಸಂಕಟವನ್ನು ನುಂಗಿಕೊಳ್ಳುತ್ತಾರೆ. ಗಂಡಸರು ಗೋಡೆಯ ಮೇಲಿನ ‘ಗುಪ್ತರೋಗ’ ಭಿತ್ತಿಪತ್ರದ ವಿಳಾಸ ಹುಡುಕುತ್ತಾರೆ. ವಾಸ್ತವದಲ್ಲಿ ಈ ಅಡ್ಡಿಗಳಲ್ಲಿ ಹೆಚ್ಚಿನವು ತೀರಾ ಸಾಮಾನ್ಯವಾದವು, ಪರಿಹಾರವುಳ್ಳವು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಬದುಕನ್ನು ಗಮನಿಸಿದರೆ ಅವುಗಳ ಮೂಲ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಏಕಾಂತದ ಕೊರತೆ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಅನೇಕ ನೇಕಾರರ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇರುತ್ತದೆ. ಉಳಿದ ಜಾಗದಲ್ಲಿ ಅಡುಗೆ, ಹಿರಿಯರು, ಮಕ್ಕಳು. ಅಂತಹ ಮನೆಯಲ್ಲಿ ದಂಪತಿಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೇ ದುರ್ಲಭ. ಯಾರಾದರೂ ಎಚ್ಚರಗೊಂಡಾರೆಂಬ ಅಳುಕು ಮಿಲನವನ್ನು ಆತುರದ ಕೆಲಸವಾಗಿಸುತ್ತದೆ. ಬೆಂಗಳೂರಿನ ಒಂದೇ ಕೋಣೆಯ ಬಾಡಿಗೆ ಮನೆಗಳ ಪಾಡೂ ಇದಕ್ಕಿಂತ ಬೇರೆಯಲ್ಲ. ಮಕ್ಕಳನ್ನು ಅಜ್ಜಿಯ ಬಳಿ ಮಲಗಿಸುವುದು, ಮನೆ ಖಾಲಿಯಿರುವ ಹಗಲಿನ ಹೊತ್ತನ್ನು ಬಳಸಿಕೊಳ್ಳುವುದು ಸರಳ ಉಪಾಯಗಳು. ಹಿರಿಯರು ಈ ಅಗತ್ಯವನ್ನು ಅರಿತು ನಡೆದುಕೊಂಡರೆ ಅದೇ ದೊಡ್ಡ ಉಪಕಾರ.

ಚಿಂತೆ, ದಣಿವು

ಚಳ್ಳಕೆರೆ ಶೇಂಗಾ ಮತ್ತು ಎಣ್ಣೆ ಗಿರಣಿಗಳ ಸೀಮೆ; ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಮಳೆ ಕೈಕೊಟ್ಟರೆ ಸಾಲದ ಚಿಂತೆ ಹಾಸಿಗೆಯವರೆಗೂ ಬರುತ್ತದೆ. ಆತಂಕದಲ್ಲಿ ರಕ್ತನಾಳಗಳು ಸಂಕುಚಿಸುತ್ತವೆ. ಶಿಶ್ನ ನಿಮಿರಲು ಅವು ಸಡಿಲಗೊಂಡು ರಕ್ತ ತುಂಬಬೇಕು. ಒಮ್ಮೆ ವಿಫಲನಾದವನು ಮತ್ತೆ ಹಾಗಾದೀತೆಂದು ಹೆದರುತ್ತಾನೆ. ಆ ಹೆದರಿಕೆಯೇ ಮುಂದಿನ ವೈಫಲ್ಯಕ್ಕೆ ಕಾರಣವಾಗುತ್ತದೆ. ಇದಕ್ಕೆ ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ: ಕೆಲಕಾಲ ಸಂಭೋಗವನ್ನು ಬದಿಗಿಟ್ಟು, ಕೇವಲ ಸ್ಪರ್ಶದ ಹಿತಕ್ಕೆ ಮರಳುವುದು.

ಹೊಲ ಮತ್ತು ಮನೆ ಎರಡರಲ್ಲೂ ದುಡಿದ ಮಹಿಳೆಗೆ ರಾತ್ರಿ ಉಳಿಯುವುದು ದಣಿವು ಮಾತ್ರ. ಮನಸ್ಸು ಸಿದ್ಧವಾಗದಿದ್ದರೆ ಯೋನಿಯಲ್ಲಿ ಒದ್ದೆ ಮೂಡದು. ನೋವಾಗುತ್ತದೆ, ನೋವು ಬೇಸರಕ್ಕೆ ತಿರುಗುತ್ತದೆ. ಅನೇಕ ಮಹಿಳೆಯರಿಗೆ ಸಂಭೋಗವೊಂದರಿಂದಲೇ ಪರಾಕಾಷ್ಠೆ ಒದಗುವುದಿಲ್ಲ. ಭಗಾಂಕುರದ ಸ್ಪರ್ಶ ಬೇಕಾಗುತ್ತದೆ. ಇದು ದೋಷವಲ್ಲ, ದೇಹದ ಸಹಜ ರೀತಿ. ಪತ್ನಿ ‘ಇಂದು ಬೇಡ’ ಎಂದರೆ ಅದನ್ನು ಗೌರವಿಸುವುದು ಪತಿಯ ಕರ್ತವ್ಯ.

ತಪ್ಪು ನಂಬಿಕೆಗಳು

ವೀರ್ಯ ನಷ್ಟವಾದರೆ ಶಕ್ತಿ ನಷ್ಟವಾಗುತ್ತದೆಂಬ ಭಯ ನಮ್ಮಲ್ಲಿ ಎಷ್ಟು ವ್ಯಾಪಕವೆಂದರೆ, ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತು ಸಿಂಡ್ರೋಮ್’ ಎಂದೇ ಹೆಸರಿಟ್ಟರು. ವೀರ್ಯಸ್ಖಲನದಿಂದ ದೇಹ ಸೊರಗುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಪುರುಷತ್ವ ಕುಗ್ಗುವುದೂ ಇಲ್ಲ. ಅದರಲ್ಲಿ ವೀರ್ಯಾಣುಗಳ ದಾರಿಯನ್ನಷ್ಟೇ ಮುಚ್ಚುತ್ತಾರೆ, ಹಾರ್ಮೋನುಗಳು ಎಂದಿನಂತೆ ಸ್ರವಿಸುತ್ತವೆ.

ದೇಹ ನೀಡುವ ಸೂಚನೆ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮದ್ಯ ಮತ್ತು ತಂಬಾಕು ನಿಮಿರುವಿಕೆಯನ್ನು ಕುಂದಿಸುತ್ತವೆ. ಕೆಲವೊಮ್ಮೆ ಇದು ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ರಕ್ತದೊತ್ತಡ ಮತ್ತು ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣವಾಗಬಲ್ಲವು. ಆದರೆ ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. 1998ರಲ್ಲಿ ಮಾರುಕಟ್ಟೆಗೆ ಬಂದ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಉಪಯುಕ್ತ. ಆದರೆ ಎದೆನೋವಿಗೆ ನೈಟ್ರೇಟ್ ಔಷಧ ಸೇವಿಸುವವರು ಅದನ್ನು ನುಂಗಿದರೆ ಪ್ರಾಣಾಪಾಯವಿದೆ. ಋತುಬಂಧದ ನಂತರದ ಯೋನಿ ಶುಷ್ಕತೆಗೆ ಜಾರುದ್ರವ್ಯ ಅಥವಾ ವೈದ್ಯರು ಸೂಚಿಸುವ ಈಸ್ಟ್ರೋಜನ್ ಮುಲಾಮು ಉಂಟು.

ಎಲ್ಲಿಗೆ ಹೋಗಬೇಕು?

ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಗೋಡೆಯ ವಿಳಾಸ ಬಿಟ್ಟು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುವುದು ಲೇಸು. ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಅಲ್ಲಿಯೇ ಆಗುತ್ತದೆ. ಅಗತ್ಯಬಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ. ಮನಸ್ಸಿನ ತಳಮಳಕ್ಕೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ.

ವೈದ್ಯೆ, ಲೇಖಕಿ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯ ಮೂಲಕ ಇಂತಹ ವಿಷಯಗಳನ್ನು ಕನ್ನಡದಲ್ಲಿ ದಶಕಗಳ ಹಿಂದೆಯೇ ಸಂಕೋಚವಿಲ್ಲದೆ ಚರ್ಚಿಸಿದ್ದರು. ಪತಿ ಪತ್ನಿಯರು ತಮ್ಮ ಬೇಕು ಬೇಡಗಳನ್ನು ಪರಸ್ಪರ ಹೇಳಿಕೊಳ್ಳುವುದೇ ಮೊದಲ ಹೆಜ್ಜೆ. ಔಷಧದ ಮಾತು ಅನಂತರ.